ಸಣ್ಣ ಮುದ್ರಣಾಲಯಕ್ಕೆ ಹೊಸ ಕಂಪ್ಯೂಟರುಗಳು: ಶಿರಸಿಯಿಂದ ಒಂದು ವಿಮರ್ಶೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ (ಭದ್ರತಾ ಪರಿಷ್ಕರಣೆಗಳೂ ಸೇರಿ) 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಎಂಬ ಗಡುವು ಗೊತ್ತಾದಾಗಲೇ, ಶಿರಸಿಯ ನಮ್ಮ ಸಣ್ಣ ಮುದ್ರಣಾಲಯದ ಮೂರು ಕಂಪ್ಯೂಟರುಗಳ ಬಗ್ಗೆ ಏನಾದರೊಂದು ತೀರ್ಮಾನ ಮಾಡಲೇಬೇಕಾಯಿತು. ಮೂರನ್ನೂ ಮಾರಿ ಹೊಸದು ತರುವುದು ನಮ್ಮ ವ್ಯವಹಾರಕ್ಕೆ ಹೊರೆಯಾಗುತ್ತಿತ್ತು. ಇದ್ದುದನ್ನೇ ದೂಡಿಕೊಂಡು ಹೋಗುವುದೂ ಸಾಧ್ಯವಿರಲಿಲ್ಲ. ಕೊನೆಗೆ ಒಂದನ್ನು ಪೂರ್ತಿ ಹೊಸದಾಗಿ ಕಟ್ಟಿಸಿದೆವು, ಒಂದನ್ನು ಒಳಗಿನಿಂದ ಸುಧಾರಿಸಿದೆವು, ಇನ್ನೊಂದನ್ನು ಬೇಕೆಂದೇ ಹಳೆಯದಾಗಿ ಉಳಿಸಿಕೊಂಡೆವು. ಒಂದು ಪೂರ್ಣ ಮಳೆಗಾಲ ಮತ್ತು ಒಂದು ಮದುವೆ ಹಂಗಾಮು ಈ ವ್ಯವಸ್ಥೆಯ ಮೇಲೆ ಕಳೆದಿರುವುದರಿಂದ, ಇದೇ ಕೆಲಸದಲ್ಲಿರುವ ಜಿಲ್ಲೆಯ ಇತರರಿಗೆ ಉಪಯೋಗವಾಗಲೆಂದು ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಕೆಲಸದ ಸ್ವರೂಪ ಹೇಳಬೇಕು, ಏಕೆಂದರೆ ಯಂತ್ರದ ಆಯ್ಕೆ ಅದರ ಮೇಲೆಯೇ ನಿಂತಿದೆ. ಮದುವೆ ಮತ್ತು ಉಪನಯನದ ಆಮಂತ್ರಣ ಪತ್ರಿಕೆ, ಸೊಸೈಟಿಗಳ ರಸೀದಿ ಪುಸ್ತಕ ಮತ್ತು ವಾರ್ಷಿಕ ವರದಿ, ಶಾಲೆಯ ಸ್ಮರಣ ಸಂಚಿಕೆ, ಯಕ್ಷಗಾನ ಮತ್ತು ತಾಳಮದ್ದಲೆಯ ಕರಪತ್ರ, ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ದಿನಕ್ಕೆ ಹತ್ತೆಂಟು ಬ್ಯಾನರ್ ವಿನ್ಯಾಸ, ಇವೇ ನಮ್ಮ ನಿತ್ಯದ ಕೆಲಸ. ಇದರಲ್ಲಿ ಕಂಪ್ಯೂಟರಿಗೆ ಭಾರವಾಗುವುದು ಅಕ್ಷರವಲ್ಲ, ಚಿತ್ರ. ಎ3 ಅಳತೆಯ ಒಂದು ಪುಟವನ್ನು 300 ಡಿಪಿಐಯಲ್ಲಿ (ಇಂಚಿಗೆ 300 ಚುಕ್ಕಿ) ನಾಲ್ಕು ಬಣ್ಣಕ್ಕೆ ಸಿದ್ಧಪಡಿಸಿದರೆ ಒಂದೇ ಪದರಕ್ಕೆ ಸುಮಾರು 70 ಎಂಬಿ ಬೇಕು. ಹತ್ತು ಅಡಿ ಅಗಲ, ಆರು ಅಡಿ ಎತ್ತರದ ಫ್ಲೆಕ್ಸ್ ವಿನ್ಯಾಸವನ್ನು 100 ಡಿಪಿಐಗೆ ಇಟ್ಟರೆ ಒಂದು ಪದರವೇ 345 ಎಂಬಿ ದಾಟುತ್ತದೆ. ದೇವಿಯ ಚಿತ್ರ, ಹಿನ್ನೆಲೆ, ಪ್ರಾಯೋಜಕರ ಭಾವಚಿತ್ರಗಳು, ನೆರಳು, ಚೌಕಟ್ಟು ಎಂದು ಪದರಗಳು ಸೇರುತ್ತ ಹೋದ ಹಾಗೆ 8 ಜಿಬಿ ರ‍್ಯಾಮ್ ತುಂಬಿಹೋಗಿ, ಫೋಟೋಶಾಪ್ ಉಳಿದದ್ದನ್ನು ಹಾರ್ಡ್ ಡಿಸ್ಕಿಗೆ ಬರೆಯಲು ತೊಡಗುತ್ತದೆ. ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕು ಸೆಕೆಂಡಿಗೆ ನೂರು, ನೂರೈವತ್ತು ಎಂಬಿಗಿಂತ ಹೆಚ್ಚು ಎಳೆಯಲಾರದು. ಹಳೆಯ ಯಂತ್ರಗಳಲ್ಲಿ ಗಿರಾಕಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಯಬೇಕಾಗುತ್ತಿದ್ದದ್ದು ಇಲ್ಲಿಯೇ ಹೊರತು ಪ್ರೊಸೆಸರಿನ ವೇಗದಲ್ಲಲ್ಲ.

ಹೀಗಾಗಿ ಹೊಸ ಯಂತ್ರದಲ್ಲಿ ಹಣವನ್ನು ಎಲ್ಲಿ ಸುರಿಯಬೇಕು, ಎಲ್ಲಿ ಹಿಡಿಯಬೇಕು ಎಂಬುದು ಸ್ಪಷ್ಟವಿತ್ತು. ಇಂಟೆಲ್ ಕೋರ್ ಐ5 12400 ಪ್ರೊಸೆಸರ್, ಎಚ್610 ಚಿಪ್‌ಸೆಟ್ಟಿನ ಮದರ್‌ಬೋರ್ಡ್, 16 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಕಡ್ಡಿಗಳು, 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಅತಿ ವೇಗದ ಡಿಸ್ಕು), ಒಳ್ಳೆಯ ಕಂಪನಿಯ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ), ಗಾಳಿಯಾಡುವ ಸಾದಾ ಕ್ಯಾಬಿನೆಟ್. ಈ ಪ್ರೊಸೆಸರ್ ಮಾರುಕಟ್ಟೆಗೆ ಬಂದದ್ದು 2022ರಲ್ಲಿ. ಅದಕ್ಕಿಂತ ಹೊಸವು ಬಂದಿವೆ, ನಿಜ. ಆದರೆ ಆರು ಕೋರ್, ಹನ್ನೆರಡು ಥ್ರೆಡ್, 65 ವಾಟಿನ ಮೂಲ ವಿದ್ಯುತ್ ಬಳಕೆ ಮತ್ತು ಒಳಗೇ ಇರುವ ಯುಎಚ್‌ಡಿ 730 ಗ್ರಾಫಿಕ್ಸ್, ಇಷ್ಟು ನಮ್ಮ ಕೆಲಸಕ್ಕೆ ಧಾರಾಳವಾಯಿತು. ಕೊಳ್ಳುವಾಗ ಗಮನಿಸಬೇಕಾದ ಒಂದು ಸಂಗತಿಯೆಂದರೆ, ಇದೇ ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರ ಇರುವ ಮಾದರಿ ತುಸು ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ. ಅದನ್ನು ತಂದವರು ಪರದೆಯಲ್ಲಿ ಚಿತ್ರ ಮೂಡಿಸುವುದಕ್ಕೇ ಪ್ರತ್ಯೇಕ ಕಾರ್ಡು ಕೊಳ್ಳಬೇಕಾಗುತ್ತದೆ.

32 ಜಿಬಿಯ ಒಂದೇ ಕಡ್ಡಿಯ ಬದಲು 16ರ ಎರಡು ಕಡ್ಡಿ ಹಾಕಿಸಿದ್ದಕ್ಕೂ ಕಾರಣವಿದೆ. ಜೋಡಿ ಕಡ್ಡಿಗಳಿದ್ದಾಗ ಪ್ರೊಸೆಸರು ಎರಡೂ ದಾರಿಯಿಂದ ಒಟ್ಟಿಗೆ ಮಾಹಿತಿ ಎಳೆಯುತ್ತದೆ. ಒಳಗಿನ ಗ್ರಾಫಿಕ್ಸ್ ಕೂಡ ಇದೇ ರ‍್ಯಾಮನ್ನು ಹಂಚಿಕೊಳ್ಳುವುದರಿಂದ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿರುತ್ತದೆ. ಆದರೆ ಎಚ್610 ಬೋರ್ಡಿನಲ್ಲಿ ಇರುವುದೇ ಎರಡು ಸ್ಲಾಟು, ಎರಡೂ ಈಗ ತುಂಬಿವೆ. ಮುಂದೆ ರ‍್ಯಾಮ್ ಹೆಚ್ಚಿಸಬೇಕೆಂದರೆ ಇರುವುದನ್ನು ತೆಗೆದೇ ಹಾಕಬೇಕು. ಇದೇ ಬೋರ್ಡಿನಲ್ಲಿ ಎಸ್‌ಎಸ್‌ಡಿ ಕೂಡ ಜೆನ್ 3, ಅಂದರೆ ಮೂರನೆಯ ತಲೆಮಾರಿನ, ವೇಗದಲ್ಲಿಯೇ ಓಡುತ್ತದೆ. ಜೆನ್ 4 ಎಸ್‌ಎಸ್‌ಡಿಗೆ ಹೆಚ್ಚು ಹಣ ಕೊಟ್ಟು ಇದಕ್ಕೆ ಹಾಕಿದರೆ ಆ ಹಣ ದಂಡ. ಮೇಲಿನ ದರ್ಜೆಯ, ನಾಲ್ಕು ಸ್ಲಾಟಿನ ಬಿ660 ಬೋರ್ಡಿನಲ್ಲಿ ಈ ಎರಡೂ ತೊಡಕು ಇಲ್ಲ. ಫ್ಲೆಕ್ಸ್ ಕೆಲಸವೇ ಮುಖ್ಯವಾಗಿರುವ ಅಂಗಡಿಯವರು ಆ ಬೋರ್ಡನ್ನೇ ಕೇಳಿ ಹಾಕಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಕೆಲಸದಲ್ಲಿ ಆದ ವ್ಯತ್ಯಾಸವನ್ನು ಸೆಕೆಂಡುಗಳ ಲೆಕ್ಕದಲ್ಲಿ ಹೇಳುವುದಕ್ಕಿಂತ ಹೀಗೆ ಹೇಳುವುದು ಸರಿ. ಮೊದಲು ದೊಡ್ಡ ಬ್ಯಾನರಿನ ಫೈಲು ಉಳಿಸಲು ಹಾಕಿ ನಮ್ಮ ಆಪರೇಟರ್ ಎದ್ದು ಹೋಗಿ ಕಾಗದ ಎಣಿಸುತ್ತಿದ್ದರು. ಈಗ ಕುರ್ಚಿಯಿಂದ ಏಳುವ ಪ್ರಸಂಗ ಬರುವುದಿಲ್ಲ. ವಿನ್ಯಾಸದ ತಂತ್ರಾಂಶವಾದ ಕೋರೆಲ್‌ಡ್ರಾದಲ್ಲಿ ತಾನಾಗಿಯೇ ಬ್ಯಾಕಪ್ ಆಗುವ ಸೌಲಭ್ಯವನ್ನು, ಪ್ರತಿ ಸಲ ಯಂತ್ರ ನಿಂತುಬಿಡುತ್ತದೆ ಎಂಬ ಕಾರಣಕ್ಕೆ ಬಂದ್ ಮಾಡಿಟ್ಟಿದ್ದವರು ಈಗ ಮತ್ತೆ ಚಾಲೂ ಮಾಡಿದ್ದಾರೆ. ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದ ಊರಿನಲ್ಲಿ ಇದು ಸಣ್ಣ ಅನುಕೂಲವಲ್ಲ.

ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಬೇಡವೇ ಎಂದು ಹಲವರು ಕೇಳಿದ್ದಾರೆ. ಪತ್ರಿಕೆ, ಪುಸ್ತಕ, ರಸೀದಿ, ಬ್ಯಾನರ್ ಇಷ್ಟೇ ಕೆಲಸವಿದ್ದರೆ ಬೇಡ. ಪುಟ ವಿನ್ಯಾಸದ ತಂತ್ರಾಂಶಗಳು ಅದನ್ನು ಬಳಸುವುದು ಬಹಳ ಕಡಿಮೆ. ಫೋಟೋಶಾಪಿನ ಕೆಲವು ಫಿಲ್ಟರುಗಳಿಗೆ ಮಾತ್ರ ಅದು ನೆರವಾಗುತ್ತದೆ. ಗಿರಾಕಿಗಳು ವಾಟ್ಸಾಪಿನಲ್ಲಿ ಕಳಿಸುವ ಫೋಟೋಗಳು ಸಾಮಾನ್ಯವಾಗಿ ಸುಮಾರು 1600 ಪಿಕ್ಸೆಲ್ಲಿಗೆ ಕುಗ್ಗಿರುತ್ತವೆ, ಅಂದರೆ 300 ಡಿಪಿಐಯಲ್ಲಿ ಐದೂಕಾಲು ಇಂಚಿಗಿಂತ ದೊಡ್ಡದಾಗಿ ಅಚ್ಚಾಗಲಾರವು. ಅಂಥವನ್ನು ಹಿಗ್ಗಿಸುವ ಹೊಸ ಬಗೆಯ ತಂತ್ರಾಂಶಗಳನ್ನು ದಿನವಿಡೀ ಬಳಸುವ ಸ್ಟುಡಿಯೋಗಳಿಗೆ ಕಾರ್ಡು ಬೇಕಾದೀತು. ನಾವಂತೂ ಫೋಟೋವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿ ಎಂದು ಗಿರಾಕಿಗಳಿಗೆ ಹೇಳಿಕೊಡುತ್ತೇವೆ. ಹಾಗೆ ಕಳಿಸಿದರೆ ಕ್ಯಾಮೆರಾ ತೆಗೆದ ಅಳತೆಯಲ್ಲಿಯೇ ಚಿತ್ರ ಬರುತ್ತದೆ, ಖರ್ಚೂ ಇಲ್ಲ.

ಎರಡನೆಯ ಯಂತ್ರದ ವಿಷಯ ಬೇಗ ಹೇಳಿ ಮುಗಿಸಬಹುದು. ಅದು ಐ5 8400, ಎಂಟನೆಯ ತಲೆಮಾರಿನದು. ವಿಂಡೋಸ್ 11 ಒಪ್ಪಿಕೊಳ್ಳುವ ಇಂಟೆಲ್ ಪ್ರೊಸೆಸರುಗಳ ಸಾಲು ಆರಂಭವಾಗುವುದು ಅಲ್ಲಿಂದಲೇ. ಆದರೂ ಈ ಯಂತ್ರ ಯೋಗ್ಯವಲ್ಲ ಎಂಬ ಸೂಚನೆ ಬರುತ್ತಿತ್ತು. ಟಿಪಿಎಂ 2.0 (ಗುಪ್ತ ಕೀಲಿಗಳನ್ನು ಕಾಯುವ ಭದ್ರತಾ ಭಾಗ) ಬೇಕೆಂಬ ನಿಯಮಕ್ಕೆ ಪ್ರತ್ಯೇಕ ಚಿಪ್ ಬೇಕಿಲ್ಲ, ಇಂಟೆಲ್ ಯಂತ್ರದಲ್ಲೇ ಅಡಕವಾಗಿರುವ ಪಿಟಿಟಿ ಎಂಬ ವ್ಯವಸ್ಥೆಯನ್ನು ಬಯೋಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗುಗಳ ಪುಟದಲ್ಲಿ) ಚಾಲೂ ಮಾಡಿದರೆ ಸಾಕು. ತಂತ್ರಜ್ಞರು ಅದನ್ನು ಮಾಡಿ, ಹಾರ್ಡ್ ಡಿಸ್ಕಿನ ಜಾಗಕ್ಕೆ ಸಾಟಾ ಎಸ್‌ಎಸ್‌ಡಿ ಹಾಕಿ, ರ‍್ಯಾಮನ್ನು 16 ಜಿಬಿಗೆ ಏರಿಸಿಕೊಟ್ಟರು. ಹೊಸ ಯಂತ್ರದ ಬೆಲೆಯ ಸಣ್ಣದೊಂದು ಪಾಲಿನಲ್ಲಿ ಇನ್ನೂ ಕೆಲವು ವರ್ಷ ದುಡಿಯುವ ಕಂಪ್ಯೂಟರು ಸಿಕ್ಕಿತು. ಇಂಥ ಯಂತ್ರ ಇರುವವರು ಅದನ್ನು ಗುಜರಿಗೆ ಕೊಡುವ ಮೊದಲು ಬಯೋಸ್ ಒಮ್ಮೆ ನೋಡಿಸಬೇಕೆಂದು ಕಳಕಳಿಯಿಂದ ಹೇಳುತ್ತೇನೆ.

ಇನ್ನು ಮೂರನೆಯದು. ಇದರ ಬಗ್ಗೆ ವಿಸ್ತಾರವಾಗಿಯೇ ಬರೆಯಬೇಕು, ಏಕೆಂದರೆ ಕನ್ನಡದ ಮುದ್ರಣಾಲಯಗಳ ನಿಜವಾದ ಸಮಸ್ಯೆ ಇರುವುದು ಇಲ್ಲಿ. ಪುಟ ಜೋಡಿಸುವ ತಂತ್ರಾಂಶವಾದ ಅಡೋಬ್ ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಆಮೇಲೆ ಕಂಪನಿ ಅದನ್ನು ಕೈಬಿಟ್ಟು ಇನ್‌ಡಿಸೈನ್ ಕಡೆಗೆ ಹೊರಳಿತು, ಆದರೆ ನಮ್ಮಂಥ ಊರುಗಳ ಪ್ರೆಸ್ಸುಗಳು ಪೇಜ್‌ಮೇಕರ್ ಮತ್ತು ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಜೋಡಿಯನ್ನು ಬಿಡಲಿಲ್ಲ. ನಮ್ಮಲ್ಲಿಯೂ ಸೊಸೈಟಿಗಳ ವರದಿಗಳು, ದೇವಸ್ಥಾನಗಳ ಪಂಚಾಂಗದ ಹಾಳೆಗಳು, ಮನೆತನಗಳ ವಂಶಾವಳಿ ಪುಸ್ತಕಗಳು ಎಲ್ಲವೂ ಆ ರೂಪದಲ್ಲಿವೆ. ಅಣ್ಣನ ಮದುವೆಯ ಪತ್ರಿಕೆ ಮಾಡಿಸಿದ ಮನೆಯವರು ತಂಗಿಯ ಮದುವೆಗೆ ಬಂದು, ಅದೇ ವಿನ್ಯಾಸದಲ್ಲಿ ಹೆಸರು ಮಾತ್ರ ಬದಲಿಸಿ ಕೊಡಿ ಎನ್ನುತ್ತಾರೆ. ಆ ಫೈಲು ತೆರೆಯಲಾಗದಿದ್ದರೆ ಎಷ್ಟು ವೇಗದ ಕಂಪ್ಯೂಟರಿದ್ದರೂ ಪ್ರಯೋಜನವಿಲ್ಲ.

ತೊಡಕು ಎರಡು ಹಂತದ್ದು. ಮೊದಲನೆಯದು, ಪೇಜ್‌ಮೇಕರಿನ ಫೈಲುಗಳನ್ನು ಇನ್‌ಡಿಸೈನ್ ಸಿಎಸ್6 ಮತ್ತು ಅದಕ್ಕಿಂತ ಹಿಂದಿನ ಆವೃತ್ತಿಗಳು ತೆರೆಯುತ್ತವೆ. ಈಗ ಚಂದಾ ಕಟ್ಟಿ ಬಳಸುವ ಆವೃತ್ತಿಗಳು ತೆರೆಯುವುದಿಲ್ಲ. ಎರಡನೆಯದು ಅಕ್ಷರದ್ದು. ನುಡಿಯ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಪಠ್ಯ, ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಯೂನಿಕೋಡ್ ಸಂಕೇತದಲ್ಲಿಲ್ಲ. ಒತ್ತು, ಗುಣಿತ, ಅರ್ಕಾವೊತ್ತುಗಳ ಚೂರುಗಳನ್ನು ಲ್ಯಾಟಿನ್ ಅಕ್ಷರಗಳ ಸ್ಥಾನದಲ್ಲಿಟ್ಟು ಜೋಡಿಸಿದ ವ್ಯವಸ್ಥೆ ಅದು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಇಡೀ ವರದಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಪರಿವರ್ತಕಗಳಿವೆ, ನುಡಿಯಲ್ಲಿಯೇ ಆ ಸೌಲಭ್ಯವಿದೆ. ಸರಳ ಗದ್ಯ ಚೆನ್ನಾಗಿಯೇ ಬದಲಾಗುತ್ತದೆ. ಆದರೆ ಸಂಸ್ಕೃತ ಶ್ಲೋಕ, ಎರಡೆರಡು ಒತ್ತು ಬರುವ ಪದ, ನಡುವೆ ಇಂಗ್ಲಿಷ್ ಸೇರಿದ ವಿಳಾಸ ಇವುಗಳನ್ನು ಪರಿವರ್ತನೆಯ ನಂತರ ಅಕ್ಷರ ಅಕ್ಷರ ಓದಿ ಕರಡು ತಿದ್ದಲೇಬೇಕು. ಆಮಂತ್ರಣ ಪತ್ರಿಕೆಯಲ್ಲಿ ಹಿರಿಯರ ಹೆಸರಿನ ಒಂದು ಒತ್ತು ತಪ್ಪಿದರೂ ಇಡೀ ಅಚ್ಚು ವ್ಯರ್ಥ.

ಆದ್ದರಿಂದ ಮೂರನೆಯ ಯಂತ್ರವನ್ನು ವಿಂಡೋಸ್ 7, ಪೇಜ್‌ಮೇಕರ್, ಹಳೆಯ ನುಡಿ ಸಹಿತ ಇದ್ದಂತೆಯೇ ಇಟ್ಟಿದ್ದೇವೆ. ವಿಂಡೋಸ್ 7ರ ಸಾಮಾನ್ಯ ಬೆಂಬಲ 2020ರ ಜನವರಿಯಲ್ಲೇ ಮುಗಿದಿರುವುದರಿಂದ ಅದಕ್ಕೆ ಇಂಟರ್‌ನೆಟ್ ಸಂಪರ್ಕ ಕೊಟ್ಟಿಲ್ಲ, ಗಿರಾಕಿಗಳ ಪೆನ್‌ಡ್ರೈವ್ ಅದರ ಹತ್ತಿರ ಸುಳಿಯುವುದಿಲ್ಲ. ಹೊರಗಿನಿಂದ ಬಂದ ಪೆನ್‌ಡ್ರೈವ್ ಏನಿದ್ದರೂ ಎರಡನೆಯ ಯಂತ್ರಕ್ಕೆ, ಅದೂ ವೈರಸ್ ತಪಾಸಣೆಯ ನಂತರ. ಹೊಸ ಕೆಲಸವೆಲ್ಲ ಯೂನಿಕೋಡಿನಲ್ಲಿಯೇ ಆಗಬೇಕೆಂದು ನಿಯಮ ಮಾಡಿಕೊಂಡಿದ್ದೇವೆ. ಇದಕ್ಕೆ ಕೋರೆಲ್‌ಡ್ರಾ ಎಕ್ಸ್6 ಅಥವಾ ಅದರ ನಂತರದ ಆವೃತ್ತಿ ಬೇಕು. ಅದಕ್ಕಿಂತ ಹಿಂದಿನವುಗಳಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ಬೀಳುತ್ತದೆ. ಫೋಟೋಶಾಪಿನಲ್ಲಿ ಅಕ್ಷರದ ಆಯ್ಕೆಗಳ ಪುಟಕ್ಕೆ ಹೋಗಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಸಲ್ಲುವ ಜೋಡಣೆಯನ್ನು ಆರಿಸಬೇಕು. ಕೆಲವು ಆವೃತ್ತಿಗಳಲ್ಲಿ ಅದರ ಹೆಸರು ವರ್ಲ್ಡ್ ರೆಡಿ ಲೇಔಟ್. ಇದು ತಿಳಿಯದೆ, ಫೋಟೋಶಾಪಿಗೆ ಕನ್ನಡ ಬರುವುದಿಲ್ಲ ಎಂದುಕೊಂಡು ಅಕ್ಷರಗಳನ್ನು ಚಿತ್ರವಾಗಿ ಅಂಟಿಸುತ್ತಿರುವವರನ್ನು ಇಂದಿಗೂ ಕಾಣುತ್ತೇನೆ.

ಇಡೀ ಖರ್ಚಿನಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟದ್ದು ಮಾನಿಟರ್. ಹಳೆಯ ಹದಿನೆಂಟೂವರೆ ಇಂಚಿನ ಪರದೆಯ ಅಗಲ 41 ಸೆಂಟಿಮೀಟರು. ಎ3 ಹಾಳೆಯ ಉದ್ದವೇ 42. ಅಂದರೆ ಎ4 ಪುಸ್ತಕದ ಎದುರುಬದುರು ಪುಟಗಳನ್ನು ನಿಜ ಅಳತೆಯಲ್ಲಿ ನೋಡಲು ಸಾಧ್ಯವೇ ಇರಲಿಲ್ಲ. 24 ಇಂಚಿನ ಪರದೆಯ ಎತ್ತರ ಸುಮಾರು 29.9 ಸೆಂಟಿಮೀಟರು, ಎ3 ಹಾಳೆ 29.7, ಹಾಳೆ ಹಿಡಿಸುತ್ತದೆ, ಉಪಕರಣಗಳ ಪಟ್ಟಿಗೆ ಜಾಗವಿರುವುದಿಲ್ಲ. 27 ಇಂಚಿನದು ಸುಮಾರು 59.8ಕ್ಕೆ 33.6, ಪೂರ್ತಿ ಹಾಳೆಯ ಸುತ್ತ ಕೆಲಸದ ಅಂಚೂ ಉಳಿಯುತ್ತದೆ. ನಾವು ತಂದದ್ದು 27 ಇಂಚಿನ, 2560ಕ್ಕೆ 1440 ಪಿಕ್ಸೆಲ್ಲಿನ ಐಪಿಎಸ್ ಪರದೆ (ಪಕ್ಕದಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ ಬಗೆ). ಒತ್ತಕ್ಷರದ ಕೆಳಗಿನ ಸಣ್ಣ ಸುಳಿಗಳನ್ನು ಹಿಗ್ಗಿಸದೆಯೇ ಓದಬಹುದಾದ್ದರಿಂದ ಕರಡು ತಿದ್ದುವವರ ಕಣ್ಣಿನ ಶ್ರಮ ಬಹಳಷ್ಟು ಇಳಿದಿದೆ.

ಬಣ್ಣದ ವಿಷಯದಲ್ಲಿ ಐಪಿಎಸ್ ಪರದೆ ಏನು ಮಾಡುತ್ತದೆ ಎಂಬುದನ್ನು ಜಾತ್ರೆಯ ಕರಪತ್ರದ ಕೆಂಪಿನಲ್ಲಿ ನೋಡಬಹುದು. ಕುಂಕುಮದ ಕೆಂಪೆಂದರೆ ನಮ್ಮಲ್ಲಿ ಸಾಮಾನ್ಯವಾಗಿ ಮೆಜೆಂಟಾ 100, ಹಳದಿ 100. ಹಳೆಯ ಟಿಎನ್ ಪರದೆಯಲ್ಲಿ ಅದೇ ಬಣ್ಣ ಎದುರು ಕುಳಿತ ಆಪರೇಟರಿಗೆ ಕೆಂಪಾಗಿ, ಪಕ್ಕದ ಕುರ್ಚಿಯ ಗಿರಾಕಿಗೆ ಕಿತ್ತಳೆಯಾಗಿ, ನಿಂತು ನೋಡುವವರಿಗೆ ಮಾಸಿದ ಇಟ್ಟಿಗೆ ಬಣ್ಣವಾಗಿ ಕಾಣುತ್ತಿತ್ತು. ಮೂವರೂ ತಾವು ಕಂಡದ್ದನ್ನೇ ಹಿಡಿದು ವಾದಿಸುತ್ತಿದ್ದರು. ಈಗ ಎಲ್ಲರಿಗೂ ಒಂದೇ ಕೆಂಪು ಕಾಣುತ್ತದೆ. ಹಾಗೆಂದು ಪರದೆಯ ಕೆಂಪೇ ಕಾಗದಕ್ಕೆ ಬರುತ್ತದೆಂದು ಯಾರೂ ಭಾವಿಸಬಾರದು; ಬೆಳಕಿನಿಂದ ಮೂಡುವ ಬಣ್ಣದ ಹೊಳಪು ಶಾಯಿಗೆ ಬಾರದು. ಅಂಗಡಿಯಿಂದ ಬಂದ ಸ್ಥಿತಿಯಲ್ಲಿ ಮಾನಿಟರ್ ಅತಿ ಪ್ರಕಾಶಮಾನವಾಗಿರುತ್ತದೆ, ಅದರ ಪಕ್ಕದಲ್ಲಿ ಯಾವ ಅಚ್ಚೂ ಕಪ್ಪಿಟ್ಟಂತೆ ಕಾಣುವುದು ಸಹಜ. ಬೆಳಕು ತಗ್ಗಿಸಿ, ಬಣ್ಣದ ತಾಪಮಾನವನ್ನು 6500 ಕೆಲ್ವಿನ್‌ಗೆ ಇಟ್ಟು, ಹಿಂದೆ ಅಚ್ಚು ಮಾಡಿದ ಹಾಳೆಗಳನ್ನು ಪಕ್ಕದಲ್ಲಿ ಹಿಡಿದು ಹೊಂದಿಸಿಕೊಂಡಿದ್ದೇವೆ. ಅಳೆಯುವ ಉಪಕರಣ ಇನ್ನೂ ಕೊಂಡಿಲ್ಲ, ಕೊಳ್ಳುವ ಪಟ್ಟಿಯಲ್ಲಿ ಮೊದಲನೆಯದು ಅದೇ.

ಈಗ ವಿದ್ಯುತ್ತು ಮತ್ತು ತೇವದ ಮಾತು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲು, ಜೂನ್ ನಂತರ ಮರ ಬಿದ್ದು ತಂತಿ ಹರಿಯುವುದು ಘಟ್ಟದ ಮೇಲಿನವರಿಗೆ ಹೊಸದಲ್ಲ. ಕಂಪ್ಯೂಟರಿನ ಎಸ್‌ಎಂಪಿಎಸ್ ಕರೆಂಟು ಹೋದ ಮೇಲೆ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡು ಮಾತ್ರ. ಮನೆಬಳಕೆಯ ಇನ್ವರ್ಟರು ಸಾಮಾನ್ಯ ಸ್ಥಿತಿಯಲ್ಲಿ ಅದಕ್ಕಿಂತ ನಿಧಾನವಾಗಿ ಬದಲಾಗುವುದರಿಂದ, ಬಲ್ಬು ಆರದೆ ಇದ್ದರೂ ಕಂಪ್ಯೂಟರು ಮಾತ್ರ ಆರಿ ಹತ್ತುತ್ತದೆ. ಎರಡು ಯಂತ್ರಗಳಿಗೆ ಒಂದೊಂದು ಲೈನ್ ಇಂಟರಾಕ್ಟಿವ್ ಯುಪಿಎಸ್ (ಆ ಅವಧಿಯೊಳಗೇ ಬ್ಯಾಟರಿಗೆ ಬದಲಾಗುವ ಬಗೆಯದು) ಕೊಟ್ಟಿದ್ದೇವೆ. ಲೇಸರ್ ಪ್ರಿಂಟರನ್ನು ಅದಕ್ಕೆ ಜೋಡಿಸಬಾರದು. ಅದರ ಶಾಖದ ಭಾಗ ಬಿಸಿಯಾಗುವಾಗ ಎಳೆಯುವ ಕರೆಂಟಿಗೆ ಸಣ್ಣ ಯುಪಿಎಸ್ ತಾಳುವುದಿಲ್ಲ. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವುದನ್ನು ಮರೆಯಬಾರದು. ಇಂಟರ್‌ನೆಟ್ಟಿಗೆ ತಾಮ್ರದ ತಂತಿ ಹೋಗಿ ಫೈಬರ್ ಬಂದ ಮೇಲೆ ಆ ದಾರಿಯಿಂದ ಸಿಡಿಲು ಒಳಗೆ ಬರುವ ಭಯ ತಪ್ಪಿದೆ, ಗಾಜಿನ ಎಳೆಯಲ್ಲಿ ವಿದ್ಯುತ್ತು ಹರಿಯುವುದಿಲ್ಲವಲ್ಲ.

ಮಳೆಗಾಲದ ನಡುವೆ ಎರಡನೆಯ ಯಂತ್ರ ಹಠಾತ್ತಾಗಿ ಚಾಲೂ ಆಗದೆ ಬೀಪ್ ಎನ್ನತೊಡಗಿತು. ತಂತ್ರಜ್ಞರು ಕ್ಯಾಬಿನೆಟ್ ಬಿಚ್ಚಿ ಹೊಸ ರ‍್ಯಾಮ್ ಕಡ್ಡಿಯ ಪಕ್ಕದಲ್ಲಿದ್ದ ಹಳೆಯ ಕಡ್ಡಿಯನ್ನು ತೆಗೆದು ತೋರಿಸಿದರು. ಅದರ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ತೆಳುವಾದ ಮಂಕು ಪೊರೆ ಕಟ್ಟಿತ್ತು. ಶಾಲಾ ಮಕ್ಕಳ ಮೆತ್ತನೆಯ ರಬ್ಬರಿನಿಂದ ಹಗುರವಾಗಿ ಉಜ್ಜಿ, ಬ್ರಷ್ಷಿನಿಂದ ಒರೆಸಿ ಹಾಕಿದ ಕೂಡಲೇ ಯಂತ್ರ ಎದ್ದಿತು. ಪ್ರೊಸೆಸರಿನ ಫ್ಯಾನಿನ ಕೆಳಗೆ ಕಾಗದದ ನುಣುಪಾದ ಧೂಳು ಕಂಬಳಿಯಂತೆ ಕೂತಿತ್ತು. ಆಫ್‌ಸೆಟ್ ಯಂತ್ರಕ್ಕೆ ಹಾಕುವ ಪೌಡರ್ ಮತ್ತು ಕಟಿಂಗ್ ಯಂತ್ರದ ಧೂಳು ಮುದ್ರಣಾಲಯದಲ್ಲಿ ತಪ್ಪಿದ್ದಲ್ಲ. ಆದ್ದರಿಂದ ಕ್ಯಾಬಿನೆಟ್ಟುಗಳನ್ನು ನೆಲದಿಂದ ಎತ್ತಿ, ಅಚ್ಚಿನ ಕೋಣೆಯ ಬಾಗಿಲಿನಿಂದ ದೂರ ಇಟ್ಟಿದ್ದೇವೆ. ಘಟ್ಟದ ಕೆಳಗೆ, ಕಾರವಾರ, ಅಂಕೋಲಾ, ಕುಮಟಾದ ಕಡೆ ತೇವದ ಜೊತೆಗೆ ಉಪ್ಪಿನ ಗಾಳಿಯೂ ಸೇರುತ್ತದೆ. ಅಲ್ಲಿ ಬೋರ್ಡಿನ ಬೆಸುಗೆ, ಯುಎಸ್‌ಬಿ ಬಾಯಿ, ಕ್ಯಾಬಿನೆಟ್ಟಿನ ತಿರುಪು ಎಲ್ಲವೂ ಬೇಗ ತುಕ್ಕು ಹಿಡಿಯುತ್ತವೆ. ಸಮುದ್ರಕ್ಕೆ ಹತ್ತಿರವಿರುವ ಪ್ರೆಸ್ಸಿನವರು ಕಂಪ್ಯೂಟರಿಗೆ ಮುಚ್ಚಿದ ಕೋಣೆಯನ್ನೂ ಎಸಿಯನ್ನೂ ಯಂತ್ರದ ಬೆಲೆಯ ಭಾಗವೆಂದೇ ಲೆಕ್ಕ ಹಾಕಬೇಕು.

ಯಂತ್ರಗಳ ನಡುವಿನ ಜಾಲವನ್ನೂ ಇದೇ ಸಮಯದಲ್ಲಿ ಗಿಗಾಬಿಟ್ಟಿಗೆ ಬದಲಿಸಿದೆವು. ಹಳೆಯ 100 ಎಂಬಿಪಿಎಸ್ ಸ್ವಿಚ್ಚಿನಲ್ಲಿ 345 ಎಂಬಿಯ ಫೈಲು ಸಾಗಲು ಅರ್ಧ ನಿಮಿಷ ಬೇಕಾದರೆ ಇದರಲ್ಲಿ ಮೂರು ಸೆಕೆಂಡಿನ ಆಸುಪಾಸು. ಬ್ಯಾಕಪ್ಪಿಗೆ ಎರಡು ಹೊರಗಿನ ಹಾರ್ಡ್ ಡಿಸ್ಕುಗಳಿವೆ, ಒಂದು ಯಾವಾಗಲೂ ಮನೆಯಲ್ಲಿರುತ್ತದೆ.

ಸೇವೆಯ ವಿಷಯಕ್ಕೆ ಬಂದರೆ, ಮೊದಲು ದೊಡ್ಡ ನಗರವೊಂದರ ಅಂಗಡಿಯಲ್ಲಿ ದರ ಕೇಳಿದ್ದೆವು. ಒಟ್ಟು ಬೆಲೆ ಕಡಿಮೆಯಿತ್ತು, ಆದರೆ ಕೊಟ್ಟ ಪಟ್ಟಿಯಲ್ಲಿ ‘512 ಎಸ್‌ಎಸ್‌ಡಿ, 450 ವಾಟ್ ಎಸ್‌ಎಂಪಿಎಸ್’ ಎಂದಿತ್ತೇ ಹೊರತು ಯಾವ ಕಂಪನಿಯದು, ಯಾವ ಮಾದರಿ ಎಂದಿರಲಿಲ್ಲ. ಕೇಳಿದರೆ ಬಂದದ್ದನ್ನು ಹಾಕುತ್ತೇವೆ ಎಂಬ ಉತ್ತರ ಬಂತು. ಹೀಗೆ ಹೆಸರಿಲ್ಲದ ಎಸ್‌ಎಂಪಿಎಸ್ ಹಾಕಿಸಿಕೊಳ್ಳುವುದನ್ನು ನಾನು ಯಾರಿಗೂ ಹೇಳಲಾರೆ, ಏಕೆಂದರೆ ಅದು ಸುಟ್ಟಾಗ ಬೋರ್ಡನ್ನೂ ಜೊತೆಗೆ ಸುಡಬಲ್ಲದು. ಶಿರಸಿಯಲ್ಲಿಯೇ ಜೋಡಿಸಿಕೊಡುವ ತಂತ್ರಜ್ಞರು ಪ್ರತಿ ಭಾಗದ ಮಾದರಿ, ಕ್ರಮಸಂಖ್ಯೆ, ಗ್ಯಾರಂಟಿಯ ಅವಧಿ ಬರೆದ ಜಿಎಸ್‌ಟಿ ಬಿಲ್ಲು ಕೊಟ್ಟರು, ಪ್ರೊಸೆಸರನ್ನು ಮೂರು ವರ್ಷದ ಗ್ಯಾರಂಟಿಯ ಸೀಲು ಮಾಡಿದ ಡಬ್ಬಿಯಲ್ಲಿಯೇ ತಂದು ನಮ್ಮೆದುರು ಬಿಚ್ಚಿದರು. ಕಂಪ್ಯೂಟರ್ ಭಾಗಗಳಿಗೆ ಜಿಎಸ್‌ಟಿ ಶೇ. 18. ನಿಯಮಿತ ನೋಂದಣಿ ಇರುವ ಮುದ್ರಣಾಲಯಗಳು ಅದನ್ನು ಹೂಡುವಳಿ ತೆರಿಗೆ ಜಮೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದಾದ್ದರಿಂದ, ಬಿಲ್ಲಿಲ್ಲದ ಅಗ್ಗದ ಯಂತ್ರ ನಿಜಕ್ಕೂ ಅಗ್ಗವಲ್ಲ.

ಊರಿನ ಸೇವೆಯಲ್ಲಿ ಕೊರತೆಯೂ ಇದೆ. ಗ್ಯಾರಂಟಿಯೊಳಗಿನ ಭಾಗ ಕೆಟ್ಟರೆ ಅದು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಬರಬೇಕು, ಅಷ್ಟು ದಿನ ಬದಲಿ ಭಾಗ ಕೊಡುವ ಪದ್ಧತಿ ಇಲ್ಲಿಲ್ಲ. ಯುಪಿಎಸ್ ಬ್ಯಾಟರಿಯನ್ನು ನಮ್ಮ ಪಟ್ಟಿಗಿಂತ ಸಣ್ಣದನ್ನು ತಂದಿದ್ದರು, ಹೇಳಿದ ಮೇಲೆ ಬದಲಿಸಿಕೊಟ್ಟರು. ಮಾನಿಟರ್ ಬಿಟ್ಟು ಹೊಸ ಯಂತ್ರಕ್ಕೆ ನಮಗೆ ತಗುಲಿದ್ದು ನಲವತ್ತು ಸಾವಿರದ ಆಸುಪಾಸು. ರ‍್ಯಾಮ್ ಮತ್ತು ಎಸ್‌ಎಸ್‌ಡಿಯ ಬೆಲೆ ತಿಂಗಳಿಂದ ತಿಂಗಳಿಗೆ ಏರಿಳಿಯುವುದರಿಂದ, ಕೊಳ್ಳುವ ವಾರದಲ್ಲಿಯೇ ಹೊಸದಾಗಿ ದರಪಟ್ಟಿ ಬರೆಸಿಕೊಳ್ಳಬೇಕು. ಮದುವೆ ಹಂಗಾಮಿಗೋ ಜಾತ್ರೆಗೋ ಯಂತ್ರ ಬೇಕಿದ್ದವರು ಕನಿಷ್ಠ ಒಂದು ತಿಂಗಳು ಮುಂಚೆ ತರಿಸಿ, ಹಳೆಯ ಕೆಲಸಗಳ ಹತ್ತು ಫೈಲುಗಳನ್ನು ಅದರಲ್ಲಿ ತೆರೆದು, ಅಚ್ಚು ತೆಗೆದು ನೋಡಿದ ಮೇಲೆಯೇ ಹಳೆಯದನ್ನು ಮೇಜಿನಿಂದ ಇಳಿಸಬೇಕು.